ವೀರಗಲ್ಲೋ, ವಿಜಯಸ್ತಂಭವೋ?

ನಮ್ಮ ಕಡೆ 'ಟ್ಯಾಂಕು' ಎಂದರೆ ಜನರ ಮನಸ್ಸಿಗೆ ಮೊದಲು ಬರುವುದು ನೀರಿನ ತೊಟ್ಟಿ. ಯುದ್ಧದ ಟ್ಯಾಂಕನ್ನು ಸೂಚಿಸಬೇಕಾದರೆ 'ಯುದ್ಧದ' ಎಂಬ ಮಾತನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ವಿನೋದದ ಸಂಗತಿಯೆಂದರೆ, ಆ ಯಂತ್ರಕ್ಕೆ ಹೆಸರು ಬಂದದ್ದೂ ನೀರಿನ ತೊಟ್ಟಿಯಿಂದಲೇ. ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಇಂಗ್ಲೆಂಡಿನ ಲಿಂಕನ್ ನಗರದ ಕಾರ್ಖಾನೆಯೊಂದರಲ್ಲಿ ಈ ಉಕ್ಕಿನ ಪೆಟ್ಟಿಗೆ ಸಿದ್ಧವಾಗುತ್ತಿದ್ದಾಗ, ಗುಟ್ಟು ಶತ್ರುವಿನ ಕಿವಿಗೆ ಬೀಳಬಾರದೆಂದು, ಇದು ನೀರು ಸಾಗಿಸುವ ತೊಟ್ಟಿಯೆಂದು ಹೇಳಿ ಕೆಲಸ ನಡೆಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣಾಂಗಣದಲ್ಲಿ ಗುಟ್ಟು ಬಯಲಾಯಿತು. ಹುಸಿ ಹೆಸರು ಮಾತ್ರ ಹಾಗೆಯೇ ನಿಂತಿತು. ಅಂದು ಕಟ್ಟಿದ ಮೊದಲ ಮಾದರಿ, 'ಲಿಟಲ್ ವಿಲ್ಲಿ' ಎಂಬುದು, ಇಂದಿಗೂ ಇಂಗ್ಲೆಂಡಿನ ಬೋವಿಂಗ್ಟನ್ ಎಂಬಲ್ಲಿನ ಟ್ಯಾಂಕು ಸಂಗ್ರಹಾಲಯದಲ್ಲಿ ಇದೆ.

ಹುಟ್ಟಿ ನೂರು ವರ್ಷ ದಾಟಿದ ಈ ಕುಲದಲ್ಲಿ ಯುದ್ಧದಲ್ಲಿ ಅಳಿದವು, ಯುದ್ಧ ಮುಗಿದ ಮೇಲೆ ಕುಲುಮೆಗೆ ಹೋದವು ಲೆಕ್ಕವಿಲ್ಲದಷ್ಟು. ಉಳಿದ ಕೆಲವು ಊರಿನ ವೃತ್ತಗಳಲ್ಲಿ, ದಂಡಿನ ಬಾಗಿಲುಗಳಲ್ಲಿ, ಸಂಗ್ರಹಾಲಯಗಳಲ್ಲಿ ನಿಂತಿವೆ. ಇವನ್ನು ಹೇಗೆ ಕಾಪಾಡಬೇಕು, ಯಾತಕ್ಕಾಗಿ ಕಾಪಾಡಬೇಕು ಎಂಬ ಪ್ರಶ್ನೆ ನನ್ನ ಪಾಲಿಗೆ ಒಬ್ಬ ಹುಡುಗನಿಂದ ಬಂತು. ಕೆಲವು ವರ್ಷಗಳ ಹಿಂದೆ ಮೊಮ್ಮಗನನ್ನು ಕರೆದುಕೊಂಡು ಒಂದು ಊರಿಗೆ ಹೋಗಿದ್ದೆ. ಅಲ್ಲಿಯ ವೃತ್ತದಲ್ಲಿ, ಎತ್ತರದ ಸಿಮೆಂಟು ಕಟ್ಟೆಯ ಮೇಲೆ, ಒಂದು ಟ್ಯಾಂಕು. ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು; ಬಣ್ಣ ಎಷ್ಟು ದಪ್ಪವಾಗಿತ್ತೆಂದರೆ ಉಕ್ಕಿನ ಮೇಲಿನ ಗಾಯಗಳೆಲ್ಲ ಅದರಲ್ಲಿ ಮುಚ್ಚಿಹೋಗಿದ್ದವು. ಫಲಕದಲ್ಲಿ ಶತ್ರುವಿನಿಂದ ವಶಪಡಿಸಿಕೊಂಡದ್ದು ಎಂಬರ್ಥದ ಒಂದು ಸಾಲು. ಉದ್ಘಾಟನೆ ನೆರವೇರಿಸಿದವರ, ಉಪಸ್ಥಿತರಿದ್ದವರ ಹೆಸರುಗಳು ಆರು ಸಾಲು. ಹುಡುಗ ಎರಡು ಸುತ್ತು ಹಾಕಿ ಬಂದು, "ತಾತ, ಇದರೊಳಗೆ ಇದ್ದವರು ಏನಾದರು?" ಎಂದು ಕೇಳಿದ. ನಾನು ಫಲಕವನ್ನು ಮತ್ತೊಮ್ಮೆ ಓದಿದೆ. ಉತ್ತರ ಅಲ್ಲಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ.

ಹುಡುಗ ಕೇಳಿದ ಪ್ರಶ್ನೆಯನ್ನೇ ಲೋಕ ಈ ಕೆಲವು ವರ್ಷಗಳಿಂದ ಬೇರೆ ಬೇರೆ ಬಾಯಿಂದ ಕೇಳುತ್ತಿದೆ ಎಂದು ನನಗೆ ತೋರುತ್ತದೆ. 2022ರ ಆಗಸ್ಟ್ 16ರಂದು ಎಸ್ತೋನಿಯ ದೇಶದ ಸರ್ಕಾರ ತನ್ನ ಗಡಿಯೂರಾದ ನಾರ್ವಾದ ಹೊರವಲಯದಲ್ಲಿದ್ದ ಒಂದು ಟ್ಯಾಂಕನ್ನು ಪೀಠದಿಂದ ಇಳಿಸಿ ಲಾರಿಯ ಮೇಲೆ ಹೇರಿಕೊಂಡು ಹೋಯಿತು. ಅದು ಸೋವಿಯತ್ ಸೇನೆಯ ಟಿ-34. 1944ರ ಜುಲೈ ತಿಂಗಳಲ್ಲಿ ಸೋವಿಯತ್ ಪಡೆ ಜರ್ಮನರನ್ನು ಹಿಮ್ಮೆಟ್ಟಿಸುತ್ತ ನಾರ್ವಾ ನದಿಯನ್ನು ದಾಟಿದ್ದರ ನೆನಪಿಗೆ 1970ರಲ್ಲಿ ಅದನ್ನು ನದಿಯ ದಡದಲ್ಲಿ ನಿಲ್ಲಿಸಿದ್ದರು. ಊರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಮಂದಿಯ ಮನೆಮಾತು ರಷ್ಯನ್. ಮದುವೆಯಾದ ಜೋಡಿಗಳು ಅಲ್ಲಿಗೆ ಹೋಗಿ ಹೂವಿಟ್ಟು ಬರುವ ರೂಢಿಯಿತ್ತು. ತೆಗೆಯುವ ಸುದ್ದಿ ಹಬ್ಬಿದ ಮೇಲೆ ಜನ ರಾತ್ರಿಯೆಲ್ಲ ಅಲ್ಲಿ ಕಾವಲಿದ್ದರು. ಟ್ಯಾಂಕು ಕೊಲ್ಲುವ ಆಯುಧ, ಅದು ಸ್ಮಾರಕವಾಗಲಾರದು. ಇಂಥವೇ ಟ್ಯಾಂಕುಗಳು ಈಗ ಉಕ್ರೇನಿನ ಬೀದಿಗಳಲ್ಲಿ ಜನರನ್ನು ಕೊಲ್ಲುತ್ತಿವೆ ಎಂದು ಆಗಿನ ಪ್ರಧಾನಿ ಕಾಯಾ ಕಲ್ಲಸ್ ಹೇಳಿದರು. ಟ್ಯಾಂಕು ರಾಜಧಾನಿಯ ಬಳಿಯ ವಿಯಿಮ್ಸಿಯಲ್ಲಿರುವ ಯುದ್ಧ ಸಂಗ್ರಹಾಲಯವನ್ನು ಸೇರಿತು. ಅದೇ ವರ್ಷ, ನದಿಯ ಆಚೆ ದಡದ ರಷ್ಯದ ಊರಾದ ಇವಾಂಗೊರೊದ್‌ನಲ್ಲಿ ಮತ್ತೊಂದು ಟಿ-34 ಪೀಠವೇರಿತು.

ಈ ಜಗಳದಲ್ಲಿ ಯಾರ ಮಾತು ನ್ಯಾಯ? ಎಸ್ತೋನಿಯರ ಮನೆಯಲ್ಲಿ ನಿಂತು ನೋಡಿದರೆ ಒಂದು ಕಥೆ. 1940ರಲ್ಲಿ ಸೋವಿಯತ್ ಒಕ್ಕೂಟ ಅವರ ನಾಡನ್ನು ನುಂಗಿತು. ಮುಂದಿನ ವರ್ಷ ಜರ್ಮನರು ಬಂದರು. 1944ರಲ್ಲಿ ಸೋವಿಯತ್ ಪಡೆ ಮರಳಿ ಬಂತು, ಸೋವಿಯತ್ ಆಳ್ವಿಕೆ 1991ರವರೆಗೆ ಉಳಿಯಿತು. 1944ರ ಮಾರ್ಚಿಯಲ್ಲಿ ಸೋವಿಯತ್ ಬಾಂಬುಗಳು ನಾರ್ವಾದ ಹಳೆಯ ಪಟ್ಟಣವನ್ನು ಪುಡಿಮಾಡಿದವು. ನದಿ ದಾಟಿ ಬಂದ ಟ್ಯಾಂಕು ಅವರ ಪಾಲಿಗೆ ಬಿಡುಗಡೆಯ ರಥವಲ್ಲ, ಎರಡನೆಯ ಸೆರೆಯ ಬಾಗಿಲು. ಆದರೆ ಯುದ್ಧವಾದ ಮೇಲೆ ಅಲ್ಲಿಗೆ ಬಂದು ನೆಲೆಸಿದ ರಷ್ಯನ್ ಕೂಲಿಕಾರ್ಮಿಕನ ಮಗಳಿಗೆ ಆ ಟ್ಯಾಂಕು ಹಿಟ್ಲರನ ಸೇನೆಯ ವಿರುದ್ಧ ಕಾದು ಮಡಿದ ಅಜ್ಜನ ಗುರುತು. ಇಬ್ಬರ ದುಃಖವೂ ಸುಳ್ಳಲ್ಲ. ಕಷ್ಟವಿರುವುದು ಪೀಠದಲ್ಲಿ: ಅದು ಒಂದು ಕಥೆಯನ್ನು ಮಾತ್ರ ಎತ್ತರದಲ್ಲಿ ನಿಲ್ಲಿಸಿ ಮತ್ತೊಂದಕ್ಕೆ ಬಾಯಿ ಕಟ್ಟುತ್ತದೆ.

ಉಕ್ಕಿನ ಚರಿತ್ರೆ ಪೀಠದ ಚರಿತ್ರೆಗಿಂತ ಬಹಳ ಸಿಕ್ಕುಸಿಕ್ಕಾದದ್ದು. ಟಿ-34 ಎಂಬ ಮಾದರಿ ಹುಟ್ಟಿದ್ದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ರೈಲು ಎಂಜಿನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ. ಇಂದು ರಷ್ಯದ ಶೌರ್ಯದ ಲಾಂಛನವೆಂದು ಮೆರೆಯುವ ಯಂತ್ರದ ತವರು ಇಂದು ರಷ್ಯದ ಗುಂಡುಗಳಿಗೆ ಮೈಯೊಡ್ಡಿರುವ ಊರು. ನಾರ್ವಾದಿಂದ ಬಹುದೂರವಲ್ಲದ ಕುರ್ತ್ನಾ ಎಂಬಲ್ಲಿಯ ಕೆರೆಯೊಂದರಿಂದ 2000ದ ಸೆಪ್ಟೆಂಬರಿನಲ್ಲಿ ಇನ್ನೊಂದು ಟಿ-34 ಟ್ಯಾಂಕನ್ನು ಮೇಲಕ್ಕೆಳೆದರು. ಐವತ್ತಾರು ವರ್ಷ ಕೆಸರಿನ ತಳದಲ್ಲಿದ್ದರೂ ಗಾಳಿ ಸೋಕದ ಕಾರಣ ಅದು ಆಶ್ಚರ್ಯವಾಗುವಷ್ಟು ಚೆನ್ನಾಗಿ ಉಳಿದಿತ್ತು. ಕೆಸರು ತೊಳೆದಾಗ ಸೋವಿಯತ್ ಟ್ಯಾಂಕಿನ ಮೈಮೇಲೆ ಕಂಡದ್ದು ಜರ್ಮನರ ಶಿಲುಬೆಯ ಗುರುತು! ಜರ್ಮನರು ಅದನ್ನು ಸೆರೆಹಿಡಿದು, ತಮ್ಮ ಗುರುತು ಹಾಕಿಕೊಂಡು, ಅದನ್ನು ಕಟ್ಟಿದವರ ಮೇಲೆಯೇ ಹೂಡಿದ್ದರು. ಪೀಠದ ಮೇಲೆ ಬಣ್ಣ ಬಳಿಸಿಕೊಂಡು ನಿಂತಿದ್ದರೆ ಇದು 'ನಮ್ಮದು' ಅಥವಾ 'ಅವರದು' ಎಂದು ಹೇಳಿಬಿಡುತ್ತಿತ್ತು. ಕೆರೆಯ ಕೆಸರು ಪೀಠಕ್ಕಿಂತ ನಂಬಿಕೆಯ ಕಾಪುಗಾರನಾಯಿತು.

ಪೀಠಗಳು ಹೇಳುವ ಸುಳ್ಳಿಗೆ ಪ್ರಾಗ್ ನಗರದ ಕಥೆ ಇನ್ನೊಂದು ನಿದರ್ಶನ. 1945ರ ಮೇ ತಿಂಗಳಲ್ಲಿ ಆ ನಗರವನ್ನು ಮೊದಲು ಹೊಕ್ಕ ಸೋವಿಯತ್ ಟ್ಯಾಂಕುಗಳಲ್ಲಿ ಒಂದು 24ರ ಸಂಖ್ಯೆಯ ಟಿ-34. ಅದು ಅಲ್ಲಿಯೇ ಗುಂಡಿಗೆ ತುತ್ತಾಯಿತು. ಅದರ ನಾಯಕ ಗೊಂಚರೆಂಕೊ ಮಡಿದ. ಅದೇ ವರ್ಷ ಸ್ಮಾರಕ ನಿಲ್ಲಿಸುವಾಗ ಪೀಠವೇರಿದ್ದು ಆ ಟ್ಯಾಂಕಲ್ಲ; ಬೇರೆಯ ಜಾತಿಯ, ಅದಕ್ಕಿಂತ ಭಾರವಾದ ಒಂದು ಐಎಸ್-2 ಟ್ಯಾಂಕು, ಮೈಮೇಲೆ 23 ಎಂಬ ಅಂಕೆ. ನೋಡಲು ಹೆಚ್ಚು ಭವ್ಯವಾಗಿರಲಿ ಎಂಬುದು ಉದ್ದೇಶವಾಗಿದ್ದೀತು. ಸತ್ತವನ ಟ್ಯಾಂಕು ಹೋಯಿತು, ಭವ್ಯತೆ ಉಳಿಯಿತು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಎರಡನೆಯ ಸಲ, ಈ ಬಾರಿ ಅಲ್ಲಿಯ ಜನರನ್ನೇ ಅಡಗಿಸಲು, ಪ್ರಾಗ್ ನಗರಕ್ಕೆ ಬಂದ ಮೇಲೆ ಪೀಠದ ಮೇಲಿನ ಟ್ಯಾಂಕಿನ ಅರ್ಥವೇ ಬದಲಾಯಿತು. 1991ರ ಏಪ್ರಿಲಿನಲ್ಲಿ ದಾವಿದ್ ಚೆರ್ನಿ ಎಂಬ ಕಲಾವಿದ್ಯಾರ್ಥಿ ಗೆಳೆಯರೊಂದಿಗೆ ರಾತ್ರೋರಾತ್ರಿ ಅದಕ್ಕೆ ಗುಲಾಬಿ ಬಣ್ಣ ಬಳಿದ. ಸೇನೆ ಮತ್ತೆ ಹಸಿರು ಬಳಿಯಿತು. ಬಂಧನದ ಭಯವಿಲ್ಲದ ಪಾರ್ಲಿಮೆಂಟಿನ ಕೆಲವು ಸದಸ್ಯರು ಕುಂಚ ಹಿಡಿದು ಮತ್ತೆ ಗುಲಾಬಿ ಮಾಡಿದರು. ಕೊನೆಗೆ ಟ್ಯಾಂಕು ಇಳಿದು ಸಂಗ್ರಹಾಲಯಕ್ಕೆ ಹೋಯಿತು. ಇಂದಿಗೂ ಗುಲಾಬಿ ಬಣ್ಣದಲ್ಲಿಯೇ ಇದೆ.

ಇದೆಲ್ಲ ಬಣ್ಣದ ಜಗಳ, ನಕ್ಕು ಬಿಡಬಹುದು. 2014ರಲ್ಲಿ ಪೂರ್ವ ಉಕ್ರೇನಿನ ಕೊಸ್ತ್ಯಾಂತಿನಿವ್ಕ ಎಂಬ ಊರಿನಲ್ಲಿ ನಡೆದದ್ದನ್ನು ನಕ್ಕು ಬಿಡಲಾಗುವುದಿಲ್ಲ. ಅಲ್ಲಿ ಸ್ಮಾರಕವಾಗಿ ನಿಂತಿದ್ದ ಐಎಸ್-3 ಎಂಬ ಹಳೆಯ ಟ್ಯಾಂಕಿನ ಎಂಜಿನ್ನಿಗೆ ಬಂಡಾಯಗಾರರು ಜೀವ ಬರಿಸಿ, ಪೀಠದಿಂದ ಕೆಳಕ್ಕೆ ಓಡಿಸಿಕೊಂಡು ಯುದ್ಧಕ್ಕೆ ಹೊರಟರು. ಮರುತಿಂಗಳು ಉಕ್ರೇನಿನ ಸೇನೆ ಅದನ್ನು ಸೆರೆಹಿಡಿಯಿತು. ಹಬ್ಬದ ದಿನ ಹೂಮಾಲೆ ಹಾಕಿಸಿಕೊಳ್ಳುತ್ತಿದ್ದ ಸ್ಮಾರಕ ಒಂದು ಬೆಳಗ್ಗೆ ಮತ್ತೆ ಆಯುಧವಾಯಿತು. ಎಂಜಿನ್ ಚಾಲೂ ಆಗದ ಕಡೆಯಲ್ಲಿಯೂ ಇದೇ ನಡೆಯುತ್ತಿದೆ ಎಂಬುದು ನನ್ನ ಅಭಿಪ್ರಾಯ. 2022ರಲ್ಲಿ ಕೀವ್ ನಗರದ ರಾಜಬೀದಿಯಲ್ಲಿ ಸುಟ್ಟುಹೋದ ರಷ್ಯನ್ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಮಾಸ್ಕೋದ ಪೊಕ್ಲೋನ್ನಯ ಗುಡ್ಡದ ವಿಜಯೋದ್ಯಾನದಲ್ಲಿ ಉಕ್ರೇನಿನಿಂದ ಸೆರೆಹಿಡಿದ ಅಮೆರಿಕದ ಏಬ್ರಮ್ಸ್, ಜರ್ಮನಿಯ ಲೆಪರ್ಡ್ ಟ್ಯಾಂಕುಗಳ ಪ್ರದರ್ಶನ ನಡೆಯಿತು. ತನ್ನ ನೆಲಕ್ಕೆ ನುಗ್ಗಿ ಬಂದವರ ಟ್ಯಾಂಕನ್ನು ತೋರಿಸುವುದಕ್ಕೂ ನುಗ್ಗಿ ಹೋದವನು ತಂದ ಟ್ಯಾಂಕನ್ನು ತೋರಿಸುವುದಕ್ಕೂ ನ್ಯಾಯದಲ್ಲಿ ಅಂತರವಿದೆ; ಅದನ್ನು ಮರೆಯಬಾರದು. ಆದರೆ ಎರಡೂ ಕಡೆ ಜನ ಉಕ್ಕಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು, ಮತ್ತು ಎರಡೂ ಕಡೆ ಒಳಗಿದ್ದವರು ಏನಾದರೆಂಬುದು ಫಲಕದ ವಿಷಯವಾಗಿರಲಿಲ್ಲ. 2023ರ ಫೆಬ್ರವರಿಯಲ್ಲಿ ಬರ್ಲಿನ್ ನಗರದ ರಷ್ಯನ್ ರಾಯಭಾರ ಕಚೇರಿಯ ಎದುರು ಒಂದು ಮುರಿದ ರಷ್ಯನ್ ಟ್ಯಾಂಕನ್ನು ಖಂಡನೆಯ ಕುರುಹಾಗಿ ತಂದಿಟ್ಟಾಗ, ಯಾರೋ ಅದರ ಮೇಲೆ ಕೆಂಪು ಗುಲಾಬಿಗಳನ್ನು ಇಟ್ಟು ಹೋದರು. ಒಂದು ಉಕ್ಕಿನ ತುಂಡು ಬೆಳಗ್ಗೆ ಖಂಡನೆ, ಸಂಜೆಗೆ ಸಮಾಧಿ.

ಪ್ರಶ್ನೆ ಹೊಸದಲ್ಲ. ನಮ್ಮ ಪೂರ್ವಿಕರಿಗೂ ಯುದ್ಧದ ನೆನಪನ್ನು ನಿಲ್ಲಿಸುವ ಎರಡು ಬಗೆ ಗೊತ್ತಿದ್ದವು. ಒಂದು ವಿಜಯಸ್ತಂಭ: ಗೆದ್ದ ಅರಸ ನೆಡಿಸುವುದು. ಸೋತ ನಾಡಿನಿಂದ ಹೊತ್ತು ತಂದ ವಸ್ತುವನ್ನು ತನ್ನೂರಿನಲ್ಲಿ ಮೆರೆಸುವುದೂ ಇದೇ ಜಾತಿ. 11ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತುಕೊಂಡು ಹೋದ. ಹಾಗೆಂದು ಆ ವಿಗ್ರಹದ ಪೀಠದ ಮೇಲೆಯೇ ಬರೆಸಿದ. ನಮ್ಮ ಬಸವಕಲ್ಯಾಣದಿಂದ ಹೋದ ಆ ಕಲ್ಲು ದಾರಾಸುರದಲ್ಲಿ ದೊರೆತು ಈಗ ತಂಜಾವೂರಿನಲ್ಲಿದೆ. ಇನ್ನೊಂದು ಬಗೆ ವೀರಗಲ್ಲು. ಇದು ಗೆಲುವಿನದಲ್ಲ, ಮಡಿದವನದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕೊಂಡೊಯ್ಯುವುದು, ಮೇಲೆ ದೇವರ ಸನ್ನಿಧಿ. ತುರುಗಳನ್ನು ಬಿಡಿಸಹೋಗಿ ಸತ್ತ ಸಾಮಾನ್ಯನಿಗೂ ಅಲ್ಲಿ ಹೆಸರುಂಟು. ಕ್ರಿ.ಶ. 949-50ರ ಆತಕೂರಿನ ಕಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಚೋಳ ರಾಜಾದಿತ್ಯನನ್ನು ಬೂತುಗ ಕೊಂದ ದೊಡ್ಡ ಸುದ್ದಿಯೂ ಅದೇ ಕಲ್ಲಿನ ಮೇಲಿದೆ; ಆದರೂ ಚಿತ್ರದಲ್ಲಿರುವುದು ನಾಯಿ ಮತ್ತು ಹಂದಿ. ಉಳಿದಿರುವ ಟ್ಯಾಂಕುಗಳ ಮುಂದೆ ನಿಂತಾಗ ನಾವು ಕೇಳಬೇಕಾದದ್ದು ಇದೇ ಎಂದು ನನಗೆ ತೋರುತ್ತದೆ: ಇದನ್ನು ಯಾವ ಕಲ್ಲಾಗಿ ಇಟ್ಟುಕೊಳ್ಳುತ್ತಿದ್ದೇವೆ?

ವಿಜಯಸ್ತಂಭವಾಗಿ ಇಟ್ಟ ಟ್ಯಾಂಕು ಬಹುಕಾಲ ಬಾಳುವುದಿಲ್ಲವೆಂಬುದು ಚರಿತ್ರೆಯ ಪಾಠ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ, ಯುದ್ಧನಿಧಿಗೆ ಉದಾರವಾಗಿ ಹಣ ಕೂಡಿಸಿದ ಊರುಗಳಿಗೆ ಬಹುಮಾನವಾಗಿ 260ಕ್ಕೂ ಮಿಕ್ಕಿ ಟ್ಯಾಂಕುಗಳನ್ನು ಹಂಚಿತು. ಮೆರವಣಿಗೆ, ಭಾಷಣ, ಪೀಠ ಎಲ್ಲವೂ ಆದವು. ಕೆಲವು ವರ್ಷಗಳಲ್ಲಿ ಜನಕ್ಕೆ ಬೇಸರವಾಯಿತು, ಮಗನನ್ನು ಕಳೆದುಕೊಂಡವರಿಗೆ ಅದನ್ನು ನೋಡುವುದೇ ಕಷ್ಟವಾಯಿತು, ತುಕ್ಕು ಹಿಡಿಯಿತು, ಒಂದೊಂದಾಗಿ ಗುಜರಿಗೆ ಹೋದವು. ಇಂದು ಕೊಟ್ಟ ಊರಿನಲ್ಲಿಯೇ ಉಳಿದಿರುವುದು ಕೆಂಟ್ ಪ್ರಾಂತದ ಆಶ್‌ಫರ್ಡ್ ಊರಿನ ಒಂದೇ ಒಂದು. ಅದು ಉಳಿದದ್ದು ಭಕ್ತಿಯಿಂದಲ್ಲ. 1929ರಲ್ಲಿ ಊರಿನವರು ಅದರ ಹೊಟ್ಟೆಯೊಳಗಿದ್ದುದನ್ನೆಲ್ಲ ತೆಗೆದು ವಿದ್ಯುತ್ ಪರಿವರ್ತಕವನ್ನು ಕೂರಿಸಿದರು. 1968ರವರೆಗೂ ಅದು ಊರಿಗೆ ದೀಪ ಕೊಡುತ್ತಿತ್ತು. ನಮ್ಮ ಎಷ್ಟೋ ವೀರಗಲ್ಲುಗಳು ಒಗೆಯುವ ಕಲ್ಲಾಗಿ, ಕೆರೆಯ ಮೆಟ್ಟಿಲಾಗಿ ಉಳಿದುಕೊಂಡ ಕಥೆಯೂ ಇಂಥದೇ ಅಲ್ಲವೆ?

ವೀರಗಲ್ಲಾಗಿ ಉಳಿದ ಟ್ಯಾಂಕಿಗೆ ನಾನು ಬಲ್ಲ ಅತ್ಯುತ್ತಮ ನಿದರ್ಶನ ಫ್ರಾನ್ಸಿನಲ್ಲಿದೆ. 1917ರ ನವೆಂಬರ್ 20ರಂದು ಕಾಂಬ್ರೆ ಕಾಳಗದಲ್ಲಿ ಫ್ಲೆಸ್ಕಿಯೇರ್ ಎಂಬ ಹಳ್ಳಿಯನ್ನು ಹಾದು ಹೊರಟ 'ಡೆಬೊರಾ' ಎಂಬ ಬ್ರಿಟಿಷ್ ಟ್ಯಾಂಕು ಜರ್ಮನ್ ಫಿರಂಗಿಯ ಹೊಡೆತಕ್ಕೆ ಸಿಕ್ಕಿತು. ಒಳಗಿದ್ದ ಎಂಟು ಮಂದಿಯಲ್ಲಿ ಐವರು ಸತ್ತರು. ಟ್ಯಾಂಕು ಹಳ್ಳಿಯ ಅಂಚಿನಲ್ಲಿ ಮಣ್ಣು ಸೇರಿತು. 1998ರಲ್ಲಿ ಹುಡುಕಿ ತೆಗೆದಾಗ ಗುಂಡು ಸೀಳಿದ ಬಾಯಿಗಳು ಹಾಗೆಯೇ ಇದ್ದವು. ಅದನ್ನು ಯಾರೂ ತೇಪೆ ಹಾಕಿ ಹೊಸದು ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. 2017ರಲ್ಲಿ, ಆ ಕಾಳಗಕ್ಕೆ ನೂರು ವರ್ಷ ತುಂಬಿದಾಗ, ಅದಕ್ಕಾಗಿಯೇ ಒಂದು ಮನೆಯನ್ನು ಕಟ್ಟಿದರು. ಕಟ್ಟಿದ್ದು ಆ ಐವರು ಮಲಗಿರುವ ಸ್ಮಶಾನದ ಪಕ್ಕದಲ್ಲಿ. ನೋಡಲು ಹೋದವರು ಮೊದಲು ಸೀಳಿದ ಉಕ್ಕನ್ನು ನೋಡುತ್ತಾರೆ, ಆಮೇಲೆ ನಾಲ್ಕು ಹೆಜ್ಜೆ ನಡೆದು ಐದು ಹೆಸರುಗಳನ್ನು ಓದುತ್ತಾರೆ. ನನ್ನ ಮೊಮ್ಮಗನ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಇಲ್ಲಿ ಕಾಪಾಡುವ ವಿದ್ಯೆಯ ಮಾತನ್ನು ಸ್ವಲ್ಪ ಹೇಳಬೇಕು. ಉಕ್ಕು ಚಿರಂಜೀವಿಯೆಂದು ನಾವು ತಿಳಿದಿದ್ದೇವೆ. ಬಯಲಿನಲ್ಲಿ ನಿಂತ ಟ್ಯಾಂಕಿಗೆ ನೀರೇ ಮೃತ್ಯು. ಮಕ್ಕಳು ಒಳಗಿಳಿಯಬಾರದೆಂದು ಬಾಗಿಲುಗಳನ್ನು ಬೆಸೆದುಬಿಡುತ್ತಾರೆ. ಸಂದಿಯಲ್ಲಿ ಇಳಿದ ಮಳೆನೀರು ಹೊರಹೋಗಲಾರದೆ ತಳದಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ಚಕ್ರಗಳ ರಬ್ಬರು ಬಿಸಿಲಿಗೆ ಬಿರಿಯುತ್ತದೆ. ಹಳೆಯ ಟ್ಯಾಂಕುಗಳ ಒಳಗೆ ಕಲ್ನಾರೂ, ಕತ್ತಲಲ್ಲಿ ಮಿನುಗಲೆಂದು ಮಾಪಕಗಳಿಗೆ ಬಳಿದ ರೇಡಿಯಮ್ಮೂ ಇರಬಹುದಾದ್ದರಿಂದ ಅರಿಯದವರು ಕೈಹಾಕುವುದು ಅಪಾಯ. ಎಲ್ಲಕ್ಕಿಂತ ದೊಡ್ಡ ಹಾನಿ ಮಾಡುವುದು ಭಕ್ತಿಯಿಂದ ಬಳಿಯುವ ಬಣ್ಣ. ಮೂಲದ ಬಣ್ಣದ ಪದರಗಳಲ್ಲಿ ದಳದ ಗುರುತು, ಸಿಬ್ಬಂದಿಯವರು ಪ್ರೀತಿಯಿಂದ ಬರೆದುಕೊಂಡ ಹೆಸರು, ಯಾವ ನೆಲದಲ್ಲಿ ಕಾದಿತ್ತೆಂಬ ಸುಳಿವು ಅಡಗಿರುತ್ತವೆ. ಬಲ್ಲವರು ಸಣ್ಣ ಕಿಟಕಿಯಷ್ಟು ಜಾಗದಲ್ಲಿ ಪದರ ಪದರವಾಗಿ ಕೆರೆದು, ಹಸ್ತಪ್ರತಿಯ ಕೆಳಗಿನ ಅಳಿಸಿದ ಅಕ್ಷರವನ್ನು ಓದುವಂತೆ ಅದನ್ನು ಓದುತ್ತಾರೆ. ಮರಳು ಊದಿ ಎಲ್ಲವನ್ನೂ ಕಿತ್ತು ಹೊಳೆಯುವಂತೆ ಮಾಡಿದರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಓಡಿಸಬೇಕೆ, ನಿಲ್ಲಿಸಿಡಬೇಕೆ ಎಂಬ ವಿವಾದವೂ ಪಂಡಿತರಲ್ಲಿ ಉಂಟು. 1943ರ ಏಪ್ರಿಲಿನಲ್ಲಿ ಟ್ಯೂನೀಷಿಯದಲ್ಲಿ ಬ್ರಿಟಿಷರ ಕೈಗೆ ಸಿಕ್ಕ 'ಟೈಗರ್ 131' ಎಂಬ ಜರ್ಮನ್ ಟ್ಯಾಂಕನ್ನು ಬೋವಿಂಗ್ಟನ್‌ನವರು 1990ರಿಂದ 2003ರವರೆಗೆ ದುಡಿದು ಮತ್ತೆ ಓಡುವಂತೆ ಮಾಡಿದರು. ಯುದ್ಧಕಾಲದಲ್ಲಿ 1,300ಕ್ಕೂ ಹೆಚ್ಚು ತಯಾರಾದ ಆ ಮಾದರಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು. ಓಡುವುದು ಇದೊಂದೇ ಎಂದು ಪ್ರಸಿದ್ಧಿ. ಅದು ಓಡುವ ದಿನ ಸಾವಿರಾರು ಜನ ಕೂಡುತ್ತಾರೆ. ಆ ಹಣದಿಂದ ಉಳಿದ ನೂರಾರು ವಾಹನಗಳು ಬದುಕುತ್ತವೆ ಎಂಬುದೂ ನಿಜ. ಆದರೆ ಓಡುವ ಯಂತ್ರ ಸವೆಯುತ್ತದೆ. ಸವೆದ ಭಾಗ ಬದಲಾಗುತ್ತದೆ. ಬದಲಾಗುತ್ತ ಹೋದಂತೆ ಸಾಕ್ಷಿ ಕರಗುತ್ತದೆ. ಅದೇ ಸಂಗ್ರಹಾಲಯದಲ್ಲಿ, ಸಿನಿಮಾವೊಂದಕ್ಕಾಗಿ ಹೊಸದಾಗಿ ಕಟ್ಟಿದ ಮೊದಲ ಮಹಾಯುದ್ಧದ ಟ್ಯಾಂಕಿನ ಪ್ರತಿಕೃತಿಯೂ ಉಂಟು. ನನ್ನಂಥ ಹೊರಗಿನವನಿಗೆ ಆ ದಾರಿ ಹೆಚ್ಚು ವಿವೇಕದ್ದೆಂದು ಕಾಣುತ್ತದೆ: ಓಡುವುದು ಪ್ರತಿಕೃತಿಯ ಕೆಲಸವಾಗಲಿ, ಸಾಕ್ಷಿ ಹೇಳುವುದು ಮೂಲದ ಕೆಲಸವಾಗಲಿ.

ಇನ್ನು ನಮ್ಮ ದೇಶಕ್ಕೆ ಬರುತ್ತೇನೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣದ ಬಳಿ, ಅಸಲ್ ಉತ್ತರ್ ಎಂಬ ಹಳ್ಳಿಯಲ್ಲಿ ನಡೆದ ಕಾಳಗ ವಾಚಕರಿಗೆ ತಿಳಿದದ್ದೇ. ಅಮೆರಿಕ ಕೊಟ್ಟ ಪ್ಯಾಟನ್ ಟ್ಯಾಂಕುಗಳು ಪಾಕಿಸ್ತಾನದ ಹೆಮ್ಮೆ. ನಮ್ಮವರು ಕಾಲುವೆಯ ನೀರನ್ನು ಕಬ್ಬಿನ ಗದ್ದೆಗಳಿಗೆ ಹರಿಯಬಿಟ್ಟು, ಕುದುರೆಲಾಳದ ಆಕಾರದಲ್ಲಿ ಕಾದು ಕುಳಿತರು. ಕರ್ಣನ ರಥಚಕ್ರವನ್ನು ನುಂಗಿದ ನೆಲದ ಕಥೆ ಕೇಳಿ ಬೆಳೆದ ನಮಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಜೀಪಿನ ಮೇಲೆ ಕೂರಿಸಿದ ಹಗುರ ಫಿರಂಗಿಯಿಂದ ಟ್ಯಾಂಕಿನ ಮೇಲೆ ಟ್ಯಾಂಕನ್ನು ಕೆಡವಿ ಮಡಿದ ಹವಿಲ್ದಾರ್ ಅಬ್ದುಲ್ ಹಮೀದರಿಗೆ ಪರಮವೀರ ಚಕ್ರ ಬಂತು. ನಾಶವಾದ, ಸೆರೆಸಿಕ್ಕ ಟ್ಯಾಂಕುಗಳು 97 ಎಂದು ಭಾರತದ ಲೆಕ್ಕ. ಅವನ್ನು ಕೂಡಿಸಿಟ್ಟ ಬಯಲಿಗೆ ಜನ 'ಪ್ಯಾಟನ್ ನಗರ' ಎಂದೇ ಹೆಸರಿಟ್ಟರು. ಅಲ್ಲಿಂದ ಅವು ದೇಶದ ದಂಡುಪ್ರದೇಶಗಳಿಗೆ, ಊರುಗಳಿಗೆ ಹಂಚಿಹೋದವು. ಗಡಿಯ ಆಚೆಯೂ ಇದೇ ರೂಢಿ: 1965ರಲ್ಲಿ ಅವರ ಕೈಗೆ ಸಿಕ್ಕ ನಮ್ಮ ನ್ಯಾಟ್ ವಿಮಾನ ಕರಾಚಿಯ ಸಂಗ್ರಹಾಲಯದಲ್ಲಿ ನಿಂತಿದೆ. ಆಕ್ರಮಣವನ್ನು ತಡೆದ ದೇಶ ಆ ಟ್ಯಾಂಕುಗಳನ್ನು ಜನರಿಗೆ ತೋರಿಸಿದ್ದು ತಪ್ಪೆಂದು ನಾನು ಹೇಳಲಾರೆ. ಅಂದಿನ ಎದೆಗೆ ಅದು ಧೈರ್ಯವಾಗಿತ್ತು. ಆದರೆ ಅರವತ್ತು ವರ್ಷ ಕಳೆದವು. ಅಂದಿನ ಧೈರ್ಯ ಇಂದು ಅರಿವಾಗಿ ಬೆಳೆಯದಿದ್ದರೆ ಆ ಉಕ್ಕು ವೃತ್ತದ ಅಲಂಕಾರವಾಗಿಯೇ ಕೊನೆಗಾಣುತ್ತದೆ.

ಅರಿವಿನ ಕಡೆಗೆ ಹೆಜ್ಜೆಯಿಟ್ಟ ತಾಣಗಳೂ ನಮ್ಮಲ್ಲಿವೆ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗ ಅಹಿಲ್ಯಾನಗರವೆಂದು ಹೆಸರಾದ ಊರಿನಲ್ಲಿ, 1994ರಲ್ಲಿ ಸೇನೆ ತೆರೆದ ಟ್ಯಾಂಕು ಸಂಗ್ರಹಾಲಯ ಅಂಥದು. ರೋಲ್ಸ್ ರಾಯ್ಸ್ ಕವಚಕಾರಿನಿಂದ ಹಿಡಿದು, ಚರ್ಚಿಲ್, ಶರ್ಮನ್, ಸೆಂಚೂರಿಯನ್, ಪ್ಯಾಟನ್, ನಮ್ಮದೇ ವಿಜಯಂತ ಇವೆಲ್ಲ ಅಲ್ಲಿವೆ. ನಮ್ಮ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆ 2021ರಲ್ಲಿ ಸಂಗ್ರಹಾಲಯವಾದಾಗ ಅದರ ಅಂಗಳಕ್ಕೂ ಒಂದು ಟಿ-55 ಟ್ಯಾಂಕು ಬಂತು. ಕೊಡಗಿನ ಮಳೆ ಉಕ್ಕಿಗೆ ಎಂಥದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದಕ್ಕೊಂದು ಸೂರು, ಅದರ ಚರಿತ್ರೆಗೊಂದು ವಿವರವಾದ ಫಲಕ, ಇಷ್ಟು ನಮ್ಮ ಕನಿಷ್ಠ ಕರ್ತವ್ಯ.

ಅಹಮದ್‌ನಗರದ ಸೇನಾಶಾಲೆಯಲ್ಲಿಯೇ ಕಾಪಾಡಿಟ್ಟಿರುವ ಒಂದು ಸೆಂಚೂರಿಯನ್ ಟ್ಯಾಂಕಿನ ಹೆಸರು 'ಫಾಮಗುಸ್ತಾ'. 1971ರ ಡಿಸೆಂಬರ್ 16ರಂದು, ಯುದ್ಧ ಮುಗಿಯಲು ಒಂದೇ ದಿನ ಉಳಿದಿದ್ದಾಗ, ಬಸಂತರ್ ಕಾಳಗದಲ್ಲಿ ಅದನ್ನು ನಡೆಸುತ್ತಿದ್ದವರು ಪೂನಾ ಹಾರ್ಸ್ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ವಯಸ್ಸು 21. ಟ್ಯಾಂಕಿಗೆ ಬೆಂಕಿ ಹತ್ತಿತ್ತು. ಬಿಟ್ಟು ಬಾ ಎಂಬ ಆಜ್ಞೆ ಬಂತು. ಫಿರಂಗಿ ಇನ್ನೂ ನಡೆಯುತ್ತಿದೆ ಎಂದು ಹೇಳಿ ಅವರು ಅಲ್ಲಿಯೇ ನಿಂತು ಮಡಿದರು. ಪರಮವೀರ ಚಕ್ರ ಬಂತು. 2001ರಲ್ಲಿ ಅವರ ತಂದೆ, ನಿವೃತ್ತ ಬ್ರಿಗೇಡಿಯರ್ ಖೇತ್ರಪಾಲ್, ಎಂಬತ್ತು ದಾಟಿದ ವಯಸ್ಸಿನಲ್ಲಿ, ತಾವು ಹುಟ್ಟಿದ ನೆಲವನ್ನು ನೋಡಬೇಕೆಂದು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಪಾಕಿಸ್ತಾನದ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಬೀಳ್ಕೊಡುವ ಮುನ್ನಿನ ರಾತ್ರಿ ಆತಿಥೇಯರು ಅತಿಥಿಗೆ ಒಂದು ಮಾತು ಹೇಳಿದರು: ಆ ದಿನ ನಿಮ್ಮ ಮಗನನ್ನು ಎದುರಿಸಿದ ಟ್ಯಾಂಕಿನಲ್ಲಿದ್ದವನು ನಾನು, ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ. ಆ ಕೋಣೆಯಲ್ಲಿ ಆಮೇಲೆ ಏನು ನಡೆಯಿತೆಂಬುದನ್ನು ಊಹಿಸಲು ನನಗೆ ಧೈರ್ಯವಿಲ್ಲ. ಇಬ್ಬರೂ ಸ್ನೇಹದಿಂದಲೇ ಬೇರ್ಪಟ್ಟರೆಂಬುದಷ್ಟು ಲೋಕಕ್ಕೆ ತಿಳಿದಿದೆ.

ಫಾಮಗುಸ್ತಾ ಟ್ಯಾಂಕಿನ ಮುಂದೆ ನಿಲ್ಲುವ ಶಾಲೆಯ ಮಕ್ಕಳಿಗೆ ಅರುಣ್ ಖೇತ್ರಪಾಲರ ಶೌರ್ಯವನ್ನು ಹೇಳಬೇಕು, ಅದು ಋಣ. ಲಾಹೋರಿನ ಆ ರಾತ್ರಿಯನ್ನೂ ಹೇಳಬೇಕು. ಎರಡನೆಯದು ಮೊದಲನೆಯದನ್ನು ಕುಗ್ಗಿಸುವುದಿಲ್ಲ. ಶೌರ್ಯ ಯಾವ ಬೆಲೆಗೆ ಬಂತೆಂಬುದು ಅದರಿಂದ ತಿಳಿಯುತ್ತದೆ. ಅಂತೆಯೇ ನಮ್ಮ ಊರುಗಳಲ್ಲಿ ನಿಂತಿರುವ ಪ್ರತಿಯೊಂದು ಪ್ಯಾಟನ್ ಟ್ಯಾಂಕಿಗೂ ಒಂದು ಸೂರು ಬೇಕು. ಇನ್ನು ಮುಂದೆ ಬಣ್ಣದ ಡಬ್ಬ ದೂರವಿರಬೇಕು. ಯಾವ ದಳದ್ದು, ಎಲ್ಲಿ, ಯಾವ ದಿನ ನಿಂತಿತು, ಅದನ್ನು ನಿಲ್ಲಿಸಿದವರು ಯಾರು, ಅದರೊಳಗಿದ್ದವರ ಗತಿ ಏನಾಯಿತು ಎಂಬುದನ್ನು ದಫ್ತರಗಳಲ್ಲಿ ಹುಡುಕಿ ಬರೆಸಬೇಕು. ಚರಿತ್ರೆ ಕಲಿಸುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಶಾಸನ ಓದುವಷ್ಟೇ ಶ್ರದ್ಧೆಯಿಂದ ಈ ಕೆಲಸಕ್ಕೆ ಇಳಿಯಬಹುದು. ಯುದ್ಧ ನೋಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ತಡಮಾಡಿದರೆ ಉಕ್ಕು ಉಳಿದೀತು, ಅದರ ಬಾಯಿ ಉಳಿಯಲಾರದು.

ಮಹಾಭಾರತದಲ್ಲಿ ಒಂದು ಸಂದರ್ಭವಿದೆ. ಕುರುಕ್ಷೇತ್ರದ ಯುದ್ಧ ಮುಗಿಯಿತು. ಕೃಷ್ಣ ಅರ್ಜುನನಿಗೆ, ಈ ದಿನ ನೀನು ಮೊದಲು ರಥದಿಂದ ಇಳಿ ಎನ್ನುತ್ತಾನೆ. ಅರ್ಜುನ ಇಳಿದ ಮೇಲೆ ತಾನು ಇಳಿಯುತ್ತಾನೆ. ಒಡನೆಯೇ ರಥ ಹೊತ್ತಿಕೊಂಡು ಬೂದಿಯಾಗುತ್ತದೆ. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟಿತ್ತು, ನಾನು ಕುಳಿತಿದ್ದೆನೆಂದು ನಿಂತಿತ್ತು ಎನ್ನುತ್ತಾನೆ ಕೃಷ್ಣ. ಯುದ್ಧ ಮುಗಿದ ಮೇಲೆ ಯುದ್ಧರಥ ಉಳಿಯಬಾರದೆಂಬುದು ಆ ಕವಿಯ ತೀರ್ಮಾನವಾಗಿದ್ದೀತು. ನಮ್ಮ ಕಾಲದ ಯುದ್ಧಗಳು ಮುಗಿಯುವುದಿಲ್ಲ. ನಮ್ಮ ರಥಗಳು ಬೂದಿಯಾಗುವುದೂ ಇಲ್ಲ. ಉಳಿದವನ್ನು ಉಳಿಸಿಕೊಳ್ಳೋಣ, ಕಲ್ಲಿನಲ್ಲಿ ಹೆಸರು ಬರೆದಿಟ್ಟ ನಮ್ಮ ಹಿರಿಯರಂತೆ ಹೆಸರಿನೊಡನೆ ಉಳಿಸಿಕೊಳ್ಳೋಣ.

ಮೊಮ್ಮಗ ಈಗ ಕಾಲೇಜಿನಲ್ಲಿದ್ದಾನೆ. ಆ ಪ್ರಶ್ನೆಯನ್ನು ಅವನು ಮರೆತಿದ್ದಾನೆಂದು ತಿಳಿದಿದ್ದೆ. ಹೋದ ತಿಂಗಳು ಮನೆಗೆ ಬಂದವನು ಆ ಊರಿನ ಟ್ಯಾಂಕಿನ ಹಿಂಬದಿಯ ಚಿತ್ರವೊಂದನ್ನು ತೋರಿಸಿದ. ಬಣ್ಣ ಒಂದು ಕಡೆ ಹೆಕ್ಕಳವೆದ್ದು ಉದುರಿದೆ; ಒಳಗೆ ಹಳೆಯ ಬಿಳಿಯ ಬಣ್ಣದಲ್ಲಿ ಎರಡು ಅಂಕೆಗಳು, ಅರ್ಧ ಅಕ್ಷರ. "ಇದರಿಂದ ದಳ ಯಾವುದೆಂದು ಹುಡುಕಬಹುದು ತಾತ," ಎಂದ. ಮುಂದಿನ ಸ್ವಾತಂತ್ರ್ಯದಿನಕ್ಕೆ ಮತ್ತೆ ಬಣ್ಣ ಬಳಿಯುವ ಮೊದಲು ಹುಡುಕಪ್ಪ ಎಂದೆ.